ಟೊಮೆಟೊ ಹಣ್ಣಾಗದಂತೆ ತಡೆದವರು ಯಾರು?

ಕೋಲಾರದ ಎಪಿಎಂಸಿಯಿಂದ ದೂರದ ರಾಜ್ಯಗಳಿಗೆ ಹೋಗುವ ಟೊಮೆಟೊ ಗಿಡದಿಂದ ಕೀಳುವಾಗ ಪೂರ್ತಿ ಕೆಂಪಗಿರುವುದಿಲ್ಲ. ತುದಿಯಲ್ಲಿ ಸ್ವಲ್ಪ ಬಣ್ಣ ತಿರುಗಿದ್ದರೆ ಸಾಕು, ಕಿತ್ತು ಕ್ರೇಟಿಗೆ ತುಂಬುತ್ತಾರೆ. ಲಾರಿ ಓಡುವ ದಿನಗಳಲ್ಲಿ ಅದು ದಾರಿಯಲ್ಲೇ ಹಣ್ಣಾಗುತ್ತದೆ. ಲೆಕ್ಕ ಒಂದೆರಡು ದಿನ ತಪ್ಪಿತೋ, ರೈತನ ಲಾಭ ರಸವಾಗಿ ಲಾರಿಯ ಕೆಳಗೆ ಸೋರುತ್ತೆ. ಬೆಲೆ ಬಿದ್ದ ವಾರ ರಸ್ತೆಗೆ ಸುರಿದ ಟೊಮೆಟೊ ರಾಶಿಯ ಫೋಟೊಗಳನ್ನು ನಾವೆಲ್ಲ ನೋಡಿದ್ದೇವೆ. ಬೆಲೆ ಬರುವ ತನಕ ಇಟ್ಟುಕೊಂಡು ಕಾಯೋಣ ಅಂದ್ರೆ ರೈತ ಕಾಯಬಹುದು, ಹಣ್ಣು ಕಾಯೋದಿಲ್ಲ.

ಹಾಗಾದರೆ 'ಇನ್ನು ಹಣ್ಣಾಗು' ಅಂತ ಕಾಯಿಗೆ ಹೇಳೋದು ಯಾರು? ಈ ಸಲದ ಪಾಠ ಅದರ ಬಗ್ಗೆ. ನಮ್ಮ ಸಂಘದಲ್ಲಿ ಬಯೋಟೆಕ್‌ನವರು ಕಡಿಮೆ. ಇಸಿ, ಸಿಎಸ್, ಮೆಕ್ಯಾನಿಕಲ್‌ನವರೇ ಜಾಸ್ತಿ. ಆದ್ದರಿಂದ ಸರ್ಕ್ಯೂಟು, ಕೋಡು, ಬ್ರೇಕುಗಳ ಭಾಷೆಯಲ್ಲೇ ಹೇಳುತ್ತೇವೆ. ಈ ವಿಷಯಕ್ಕೆ ಆ ಭಾಷೆ ಚೆನ್ನಾಗಿ ಒಪ್ಪುತ್ತೆ ಕೂಡ. ಯಾಕಂದ್ರೆ ಇದರ ನಡುವೆ ಐವತ್ತು ವರ್ಷ ಎಲ್ಲರೂ ತಪ್ಪಾಗಿ ಓದಿಕೊಂಡಿದ್ದ ಒಂದು ಬಗ್ ಇದೆ.

ಮೊದಲು ಹೆಸರುಗಳು. ಪಠ್ಯಪುಸ್ತಕ ಟೊಮೆಟೊ ಹಣ್ಣಾಗುವುದನ್ನು ಮೆಚ್ಯೂರ್ ಗ್ರೀನ್, ಬ್ರೇಕರ್, ಟರ್ನಿಂಗ್, ಪಿಂಕ್ ಅಂತ ಹಂತ ಹಂತವಾಗಿ ವಿಂಗಡಿಸುತ್ತೆ. ನಮ್ಮ ಭಾಷೆಯಲ್ಲಿ ಈ ಕೆಲಸ ಯಾವತ್ತೋ ಆಗಿದೆ: ಹೀಚು, ಕಾಯಿ, ಬಲಿತ ಕಾಯಿ, ದೋರಗಾಯಿ, ಹಣ್ಣು, ಕಳಿತ ಹಣ್ಣು. ಬಲಿತ ಕಾಯಿ ಅಂದರೆ ಮೆಚ್ಯೂರ್ ಗ್ರೀನ್: ಗಾತ್ರ ಪೂರ್ತಿಯಾಗಿದೆ, ಒಳಗೆ ಬೀಜ ತಯಾರಾಗಿದೆ, ಬಣ್ಣ ಮಾತ್ರ ಹಸಿರು. ದೋರಗಾಯಿ ಅಂದರೆ ಬ್ರೇಕರ್, ಬಣ್ಣ ಆಗ ತಾನೇ ತಿರುಗಿದ ಕಾಯಿ. ನಾವು ಮಾತಾಡಬೇಕಿರುವುದು ಮುಖ್ಯವಾಗಿ ಈ ಎರಡರ ನಡುವಿನ ಕೆಲವೇ ದಿನಗಳ ಬಗ್ಗೆ.

ಅದಕ್ಕೂ ಮುಂಚಿನ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇವೆ. ಹೂವಿನೊಳಗಿನ ಅಂಡಾಶಯವೇ ಮುಂದೆ ಕಾಯಾಗುವುದು. ಆದರೆ ಅದು ತಾನಾಗಿ ಬೆಳೆಯಲ್ಲ, ಪರಾಗ ಬಿದ್ದು ಫಲ ಕಟ್ಟುವ ತನಕ ತಡೆದು ನಿಂತಿರುತ್ತೆ. ತಡೆದಿಡುವ ಪ್ರೋಟೀನ್‌ಗಳಲ್ಲಿ ಒಂದು ಐಎಎ9. ಫಲ ಕಟ್ಟಿದಾಗ ಆಕ್ಸಿನ್ ಎಂಬ ಹಾರ್ಮೋನು ಏರಿ ಇಂಥ ತಡೆಗಳನ್ನು ತೆಗೆದುಹಾಕುತ್ತದೆ, ಜೊತೆಗೆ ಜಿಬ್ಬರೆಲಿನ್ ಕೂಡ ಕೈಜೋಡಿಸುತ್ತದೆ. ಐಎಎ9 ಜೀನನ್ನು ಅಡಗಿಸಿದ ಟೊಮೆಟೊ ಗಿಡಗಳು ಪರಾಗವೇ ಇಲ್ಲದೆ ಬೀಜವಿಲ್ಲದ ಕಾಯಿ ಬಿಟ್ಟವು. ಇದು 2005ರಲ್ಲಿ ಪ್ರಕಟವಾಯಿತು. ಅಂದರೆ ಕಾಯಿ ಕಟ್ಟುವ ಯಂತ್ರ ಹೂವಿನಲ್ಲಿ ಸಿದ್ಧವಾಗಿಯೇ ಇರುತ್ತೆ, ಬ್ರೇಕ್ ಹಾಕಿ ನಿಲ್ಲಿಸಿರುತ್ತೆ ಅಷ್ಟೆ.

ಗಾತ್ರದಲ್ಲೂ ಹೀಗೇ. ಕಾಡು ಟೊಮೆಟೊ ಗೋಲಿಯಷ್ಟು, ನಾವು ತಿನ್ನೋದು ಮುಷ್ಟಿಯಷ್ಟು. ಈ ವ್ಯತ್ಯಾಸಕ್ಕೆ ಹಲವು ಜೀನುಗಳ ಪಾಲಿದೆ. ಅವುಗಳಲ್ಲಿ ಮೊದಲು ಸಿಕ್ಕಿಬಿದ್ದದ್ದು 2000ದಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದ ಸ್ಟೀವನ್ ಟ್ಯಾಂಕ್ಸ್‌ಲಿ ತಂಡಕ್ಕೆ. ಅದರ ಹೆಸರು ಎಫ್‌ಡಬ್ಲ್ಯು 2.2, ಮತ್ತದು ಒಂದು ಬ್ರೇಕ್: ಕೋಶ ವಿಭಜನೆಯನ್ನು ಹಿಡಿದಿಡುತ್ತದೆ. ದಪ್ಪ ಟೊಮೆಟೊಗಳಲ್ಲಿ ಈ ಬ್ರೇಕ್ ಸಡಿಲ. ಇದೊಂದರಿಂದಲೇ ತೂಕದಲ್ಲಿ ಶೇ. 30ರಷ್ಟು ವ್ಯತ್ಯಾಸ ಬರಬಹುದು.

ಹೀಗೆ ಬ್ರೇಕಿನ ಮೇಲೆ ಬ್ರೇಕ್ ಬರುತ್ತಲೇ ಇರುತ್ತೆ. ಗಿಡಕ್ಕೆ ಆಕ್ಸಿಲರೇಟರ್‌ಗಿಂತ ಬ್ರೇಕಿನ ಮೇಲೆ ನಂಬಿಕೆ ಜಾಸ್ತಿ ಅಂತ ನಮಗನ್ನಿಸುತ್ತೆ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಗಾಳಿಯಲ್ಲಿ ಬರುವ ಆಜ್ಞೆ

ಮಾವಿನಕಾಯನ್ನು ಹುಲ್ಲಿನಲ್ಲಿ ಮುಚ್ಚಿಡೋದು, ಸಪೋಟವನ್ನು ಅಕ್ಕಿ ಡಬ್ಬದೊಳಗೆ ಹೂಳೋದು, ಒಂದು ಹಣ್ಣಾದ ಬಾಳೆ ಜೊತೆಗಿಟ್ಟು ಮಿಕ್ಕ ಕಾಯಿಗಳನ್ನು ಬೇಗ ಹಣ್ಣು ಮಾಡೋದು, ಇವೆಲ್ಲ ಮನೆಯಲ್ಲಿ ಕಂಡದ್ದೇ. ಎಲ್ಲದರ ಹಿಂದಿರುವುದು ಒಂದೇ ಅನಿಲ, ಎಥಿಲೀನ್. ಮುಚ್ಚಿಟ್ಟರೆ ಅದು ಹೊರಗೆ ಹೋಗದೆ ಅಲ್ಲೇ ಸೇರಿಕೊಳ್ಳುತ್ತೆ. ಎರಡು ಇಂಗಾಲ, ನಾಲ್ಕು ಜಲಜನಕ, ಇದಕ್ಕಿಂತ ಸರಳವಾದ ಹಾರ್ಮೋನನ್ನು ಊಹಿಸೋದು ಕಷ್ಟ. ಬೀದಿದೀಪದ ಅನಿಲದಲ್ಲಿದ್ದ ಎಥಿಲೀನೇ ಬಟಾಣಿ ಮೊಳಕೆಗಳನ್ನು ಸೊಟ್ಟ ಮಾಡುತ್ತಿದೆ ಅಂತ 1901ರಲ್ಲಿ ತೋರಿಸಿದವರು ರಷ್ಯಾದ ಡಿಮಿತ್ರಿ ನೆಲ್ಯುಬೊವ್. ಹಣ್ಣು ತಾನೇ ಅದನ್ನು ತಯಾರಿಸುತ್ತದೆ ಅಂತ 1934ರಲ್ಲಿ ಇಂಗ್ಲೆಂಡಿನ ರಿಚರ್ಡ್ ಗೇನ್ ಸೇಬು ಇಟ್ಟುಕೊಂಡು ಸಾಬೀತು ಮಾಡಿದರು.

ತಯಾರಿಕೆ ಹೀಗೆ: ಮೆಥಿಯೊನಿನ್ ಎಂಬ ಅಮೈನೋ ಆಮ್ಲದಿಂದ ಎಸ್‌ಎಎಂ, ಅದರಿಂದ ಎಸಿಸಿ, ಎಸಿಸಿಯಿಂದ ಎಥಿಲೀನ್. ಕೊನೆಯ ಎರಡು ಹೆಜ್ಜೆಗಳಿಗೆ ಎರಡು ಕಿಣ್ವಗಳು: ಎಸಿಸಿ ಸಿಂಥೇಸ್, ಎಸಿಸಿ ಆಕ್ಸಿಡೇಸ್. 1991ರಲ್ಲಿ ಅಮೆರಿಕದಲ್ಲಿ ಅಥನಾಸಿಯೊಸ್ ಥಿಯೊಲೊಜಿಸ್ ತಂಡ ಎಸಿಸಿ ಸಿಂಥೇಸನ್ನು ಅಡಗಿಸಿದಾಗ ಟೊಮೆಟೊ ಹಣ್ಣಾಗದೆ ನಿಂತೇಬಿಟ್ಟಿತು. ಹೊರಗಿನಿಂದ ಎಥಿಲೀನ್ ಕೊಟ್ಟ ಮೇಲೆ ಮತ್ತೆ ಹಣ್ಣಾಯಿತು.

ಕಂಟ್ರೋಲ್ ಸಿಸ್ಟಮ್ಸ್ ಓದುತ್ತಿರುವವರು ಇಲ್ಲಿ ಗಮನಿಸಬೇಕು. ಎಳೆಯ ಕಾಯಿಯಲ್ಲೂ ಎಥಿಲೀನ್ ಇರುತ್ತೆ. ಆದರೆ ಅಲ್ಲಿ ಅದು ಹೆಚ್ಚಾದರೆ ತನ್ನ ತಯಾರಿಕೆಯನ್ನು ತಾನೇ ತಗ್ಗಿಸಿಕೊಳ್ಳುತ್ತೆ. ಅದು ನೆಗೆಟಿವ್ ಫೀಡ್‌ಬ್ಯಾಕ್, ಸಿಸ್ಟಮ್ 1. ಕಾಯಿ ಬಲಿತ ಮೇಲೆ ಫೀಡ್‌ಬ್ಯಾಕಿನ ಚಿಹ್ನೆಯೇ ಬದಲಾಗುತ್ತದೆ. ಈಗ ಎಥಿಲೀನ್ ಬಂದಷ್ಟೂ ಇನ್ನಷ್ಟು ತಯಾರಾಗುತ್ತದೆ. ಅದು ಸಿಸ್ಟಮ್ 2. ಪಾಸಿಟಿವ್ ಫೀಡ್‌ಬ್ಯಾಕ್ ಇರುವ ಸರ್ಕ್ಯೂಟು ಲ್ಯಾಚ್ ಆಗುತ್ತೆ ಅಂತ ಇಸಿಯವರಿಗೆ ಹೇಳಬೇಕಾಗಿಲ್ಲ. ಕಿತ್ತ ದೋರಗಾಯಿ ಕ್ರೇಟಿನೊಳಗೆ ಗಿಡದ ನೆರವಿಲ್ಲದೆ ಕೆಂಪಾಗೋದು, ಶುರುವಾದ ಮೇಲೆ ವಾಪಸ್ ಹೋಗದೇ ಇರೋದು ಇದರಿಂದಲೇ. ಬಾಳೆ, ಮಾವು, ಪಪ್ಪಾಯಿ, ಸೇಬು ಈ ಗುಂಪಿನವು. ದ್ರಾಕ್ಷಿ, ಕಿತ್ತಳೆಗಳಲ್ಲಿ ಈ ಸ್ಫೋಟ ಇಲ್ಲ, ಹುಳಿ ದ್ರಾಕ್ಷಿ ಕಿತ್ತಿಟ್ಟರೆ ಹುಳಿಯಾಗೇ ಉಳಿಯುತ್ತೆ.

ಇನ್ನು, ಎಥಿಲೀನನ್ನು ಕೋಶ ಗುರುತಿಸುವ ಬಗೆ. ಗ್ರಾಹಕ ಪ್ರೋಟೀನಿಗೆ ಎಥಿಲೀನ್ ಅಂಟಿಕೊಂಡರೆ ಅದು ಆನ್ ಆಗುತ್ತೆ ಅಂತ ತಾನೇ ನೀವು ಅಂದುಕೊಳ್ಳೋದು? ಉಲ್ಟಾ. ಎಥಿಲೀನ್ ಇಲ್ಲದಾಗ ಗ್ರಾಹಕ ಆನ್ ಇರುತ್ತೆ. ಸಿಟಿಆರ್1 ಎಂಬ ಕಿಣ್ವವನ್ನು ಚಾಲೂ ಇಟ್ಟು 'ಬೇಡ, ಬೇಡ' ಅಂತ ಹೇಳಿಸುತ್ತಲೇ ಇರುತ್ತೆ. ಎಥಿಲೀನ್ ಬಂದು ಅಂಟಿದಾಗ ಗ್ರಾಹಕ ಸುಮ್ಮನಾಗುತ್ತೆ, ಸಿಟಿಆರ್1 ಕೂಡ ಸುಮ್ಮನಾಗುತ್ತೆ. ತಡೆ ತೆಗೆದ ಮೇಲೆ ಇಐಎನ್2, ಇಐಎನ್3 ಎಂಬ ಪ್ರೋಟೀನುಗಳ ಮೂಲಕ ಸುದ್ದಿ ಕೋಶಕೇಂದ್ರಕ್ಕೆ ಹೋಗುತ್ತದೆ. ಒಂದರ ಹಿಂದೊಂದು ಇನ್ವರ್ಟರ್ ಇಟ್ಟ ಹಾಗೆ. ಇಲ್ಲೂ ನೋಡಿ, ಆಜ್ಞೆ ಅಂದರೆ ಬ್ರೇಕ್ ಬಿಡೋದು.

ಈ ಜೋಡಣೆಯಿಂದ ಒಂದು ವಿಚಿತ್ರ ಪರಿಣಾಮ ಇದೆ. 'ನೆವರ್ ರೈಪ್' ಎಂಬ ಟೊಮೆಟೊ ರೂಪಾಂತರದಲ್ಲಿ ಕೆಟ್ಟಿರುವುದು ಗ್ರಾಹಕ. ಅದು ಎಥಿಲೀನನ್ನು ಹಿಡಿಯಲಾರದು, ಆದ್ದರಿಂದ ಎಷ್ಟು ಎಥಿಲೀನ್ ಕೊಟ್ಟರೂ 'ಬೇಡ' ಅನ್ನುವುದನ್ನು ನಿಲ್ಲಿಸೋದಿಲ್ಲ. ಆ ಗ್ರಾಹಕ ಇಲ್ಲವಾಗಿದ್ದರೆ ತಡೆಯೂ ಇರುತ್ತಿರಲಿಲ್ಲ. ಕೆಟ್ಟು ಅಲ್ಲೇ ಕೂತಿರುವುದೇ ತೊಂದರೆ. ಒಂದು ಭಾಗ ಕಾಣೆಯಾಗುವುದಕ್ಕೂ ಕೆಟ್ಟ ಭಾಗ ಜಾಗ ಹಿಡಿದು ಕೂರುವುದಕ್ಕೂ ಇರುವ ಈ ವ್ಯತ್ಯಾಸದ ಮೇಲೆಯೇ ಮುಂದಿನ ಕಥೆ ನಿಂತಿದೆ.

ರಿನ್ ಎಂಬ ಬಗ್

1960ರ ದಶಕದಲ್ಲಿ ಅಮೆರಿಕದಲ್ಲಿ ಒಂದು ವಿಚಿತ್ರ ಟೊಮೆಟೊ ಸಿಕ್ಕಿತು. ಕಾಯಿ ಬಲಿಯುತ್ತದೆ, ಬೀಜ ಚೆನ್ನಾಗಿರುತ್ತದೆ, ಆದರೆ ಕೆಂಪಾಗೋದಿಲ್ಲ, ಮೆತ್ತಗಾಗೋದಿಲ್ಲ. ಎಥಿಲೀನ್ ಏರುವುದೂ ಇಲ್ಲ. ಹಸಿರು ನಿಧಾನಕ್ಕೆ ನಿಂಬೆಹಳದಿಗೆ ತಿರುಗಿ ಅಲ್ಲೇ ನಿಲ್ಲುತ್ತದೆ. ಹೊರಗಿನಿಂದ ಎಥಿಲೀನ್ ಕೊಟ್ಟರೂ ಜಗ್ಗಲ್ಲ. 1968ರಲ್ಲಿ ವರದಿಯಾದ ಇದಕ್ಕೆ 'ರೈಪನಿಂಗ್ ಇನ್‌ಹಿಬಿಟರ್' ಎಂಬ ಹೆಸರು ಬಂತು, ಚಿಕ್ಕದಾಗಿ ರಿನ್. ಇನ್ನೊಂದು ಸಣ್ಣ ಲಕ್ಷಣವೂ ಇತ್ತು: ತೊಟ್ಟಿನ ಹತ್ತಿರದ ಹಸಿರು ಪುಷ್ಪಪತ್ರಗಳು ಮಾಮೂಲಿಗಿಂತ ಉದ್ದ.

ತಿನ್ನಲು ಇದು ಉಪಯೋಗವಿಲ್ಲ. ಆದರೆ ಮಾಮೂಲಿ ಟೊಮೆಟೊ ಜೊತೆ ಇದನ್ನು ಅಡ್ಡಹಾಯಿಸಿದಾಗ ಬಂದ ಹೈಬ್ರಿಡ್ ನಿಧಾನಕ್ಕೆ ಹಣ್ಣಾಗಿ ಬಹಳ ದಿನ ಗಟ್ಟಿಯಾಗಿ ಉಳಿಯುತ್ತಿತ್ತು. ಬೀಜ ಕಂಪನಿಗಳಿಗೆ ಬೇಕಾಗಿದ್ದೂ ಅದೇ. ಸೂಪರ್‌ಮಾರ್ಕೆಟ್‌ಗಳಲ್ಲಿ 'ಲಾಂಗ್ ಶೆಲ್ಫ್ ಲೈಫ್' ಅಂತ ಮಾರುವ ಎಷ್ಟೋ ತಳಿಗಳ ಒಳಗೆ ರಿನ್‌ನ ಒಂದು ಪ್ರತಿ ಇದೆ. ರುಚಿ, ವಾಸನೆ ಸಪ್ಪೆ ಎಂಬ ದೂರೂ ಅದರ ಜೊತೆಗೇ ಬಂತು.

2002ರಲ್ಲಿ ಜಿಮ್ ಜಿಯೊವನೊನಿ ಅವರ ತಂಡ ಆ ಜೀನನ್ನು ಪತ್ತೆಹಚ್ಚಿತು. ಅದು ಮ್ಯಾಡ್ಸ್ ಬಾಕ್ಸ್ ಕುಟುಂಬದ್ದು. ಈ ಕುಟುಂಬದ ಪ್ರೋಟೀನುಗಳು ಡಿಎನ್‌ಎ ಮೇಲೆ ಕೂತು ಬೇರೆ ಜೀನುಗಳನ್ನು ಓದಿಸುವ ಮೇಸ್ತ್ರಿಗಳು. ಹೂವಿನ ಅಂಗಾಂಗಗಳನ್ನು ತೀರ್ಮಾನಿಸುವವರೂ ಇವರೇ. ಸಾಸಿವೆಯ ಹತ್ತಿರದ ಸಂಬಂಧಿ ಅರಬಿಡಾಪ್ಸಿಸ್‌ನಲ್ಲಿ ಒಣಗಿದ ಕಾಯಿ ಎಲ್ಲಿ ಸೀಳಬೇಕು ಅಂತ ನಿಗದಿ ಮಾಡುವ 'ಷ್ಯಾಟರ್‌ಪ್ರೂಫ್' ಜೀನುಗಳೂ ಈ ಮನೆಯವೇ. ಸೀಳುವ ಒಣಕಾಯಿಗೂ ರಸ ತುಂಬಿದ ಟೊಮೆಟೊಗೂ ಒಂದೇ ಮನೆತನದ ಮೇಸ್ತ್ರಿಗಳು ಅನ್ನೋದು ನಮಗಂತೂ ಖುಷಿ ಕೊಟ್ಟ ಸಂಗತಿ.

ರಿನ್ ಗಿಡದಲ್ಲಿ ಆಗಿದ್ದೇನು? ಆರ್‌ಐಎನ್ ಜೀನಿನ ಪಕ್ಕದಲ್ಲೇ ಎಂಸಿ ಎಂಬ ಇನ್ನೊಂದು ಮ್ಯಾಡ್ಸ್ ಜೀನ್ ಇದೆ. ಪುಷ್ಪಪತ್ರಗಳ ಗಾತ್ರ ನೋಡಿಕೊಳ್ಳುವುದು ಅದರ ಕೆಲಸ. ಎರಡರ ನಡುವೆ ಸುಮಾರು 1,700 ಅಕ್ಷರಗಳ ಡಿಎನ್‌ಎ ತುಂಡು ಬಿದ್ದುಹೋಗಿದೆ. ಆರ್‌ಐಎನ್‌ನ ಕೊನೆಯ ಭಾಗವೂ ಅದರ ಜೊತೆ ಹೋಗಿದೆ. ಸಿ ಭಾಷೆಯಲ್ಲಿ ಸ್ಟ್ರಿಂಗಿನ ಕೊನೆಯ ನಲ್ ಅಳಿಸಿಹೋದರೆ ಏನಾಗುತ್ತೆ? ಪ್ರಿಂಟ್ಎಫ್ ನಿಲ್ಲದೆ ಪಕ್ಕದ ಮೆಮೊರಿಯನ್ನೂ ಓದುತ್ತಾ ಹೋಗುತ್ತೆ. ಇಲ್ಲೂ ಅದೇ ಆಯಿತು. ಓದು ಆರ್‌ಐಎನ್‌ನಲ್ಲಿ ಶುರುವಾಗಿ ಎಂಸಿಯೊಳಗೆ ನುಗ್ಗಿ, ಎರಡೂ ಸೇರಿದ ಒಂದು ಬೆಸುಗೆ ಪ್ರೋಟೀನು ತಯಾರಾಯಿತು. ಉದ್ದನೆಯ ಪುಷ್ಪಪತ್ರಕ್ಕೂ ಇಲ್ಲೇ ಉತ್ತರ: ಎಂಸಿಗೂ ಪೆಟ್ಟು ಬಿದ್ದಿದೆ.

ಆ ಹೊತ್ತಿನ ತರ್ಕ ಹೀಗಿತ್ತು. ಬಾಲ ತುಂಡಾದ ಆರ್‌ಐಎನ್ ಕೆಲಸಕ್ಕೆ ಬರಲ್ಲ. ಆರ್‌ಐಎನ್ ಇಲ್ಲ, ಹಣ್ಣಾಗೋದೂ ಇಲ್ಲ. ಆದ್ದರಿಂದ ಹಣ್ಣಾಗುವುದಕ್ಕೆ ಆರ್‌ಐಎನ್ ಮುಖ್ಯ ಸ್ವಿಚ್. ಒಳ್ಳೆಯ ಆರ್‌ಐಎನ್ ಪ್ರತಿಯನ್ನು ರಿನ್ ಗಿಡಕ್ಕೆ ಸೇರಿಸಿದಾಗ ಕಾಯಿ ಮತ್ತೆ ಹಣ್ಣಾಯಿತು, ಅನುಮಾನಕ್ಕೆ ಜಾಗವೇ ಇಲ್ಲ ಅನ್ನಿಸಿತು. ಎಥಿಲೀನ್ ಸರಪಳಿಯ ತುದಿಯಿಂದ ಆರ್‌ಐಎನ್‌ಗೆ, ಆರ್‌ಐಎನ್‌ನಿಂದ ಎಸಿಸಿ ಸಿಂಥೇಸ್‌ಗೆ, ಅಲ್ಲಿಂದ ಮತ್ತೆ ಎಥಿಲೀನ್‌ಗೆ ಬಾಣ ಹಾಕಿದರೆ ಲೂಪ್ ಕೂಡ ಮುಚ್ಚುತ್ತೆ. ಕೆಂಪು ಬಣ್ಣದ, ಮೆತ್ತಗಾಗುವಿಕೆಯ ಜೀನುಗಳ ಮೇಲೂ ಆರ್‌ಐಎನ್ ಹೋಗಿ ಕೂರೋದು ಕಂಡಿತು. ಪಠ್ಯಪುಸ್ತಕದ ಚಿತ್ರದಲ್ಲಿ ಆರ್‌ಐಎನ್ ಎಲ್ಲಕ್ಕಿಂತ ಮೇಲೆ ಕೂತಿತು.

2017ರಲ್ಲಿ ಜಪಾನಿನ ಯಾಸುಹಿರೊ ಇತೊ ಮತ್ತು ಸಂಗಡಿಗರು ಸರಳವಾದ ಒಂದು ಪರೀಕ್ಷೆ ಮಾಡಿದರು. ಮಾಮೂಲಿ ಟೊಮೆಟೊದಲ್ಲಿ ಕ್ರಿಸ್ಪರ್ ಎಂಬ ಜೀನ್ ಕತ್ತರಿಯಿಂದ ಆರ್‌ಐಎನ್ ಜೀನನ್ನು ಪೂರ್ತಿ ಕೆಡಿಸಿದರು. ಮುಖ್ಯ ಸ್ವಿಚ್ಚೇ ಇಲ್ಲದ ಆ ಕಾಯಿ ಹಸಿರಾಗಿಯೇ ಉಳಿಯಬೇಕಿತ್ತಲ್ಲವೇ? ಉಳಿಯಲಿಲ್ಲ. ಹಣ್ಣಾಗಲು ಶುರುಮಾಡಿತು, ಮಧ್ಯಮ ಮಟ್ಟಿಗೆ ಕೆಂಪಾಯಿತು.

ಎರಡನೆಯ ಪರೀಕ್ಷೆ ಇನ್ನೂ ಚೊಕ್ಕ. ಹಣ್ಣಾಗದ ರಿನ್ ಗಿಡವನ್ನೇ ತೆಗೆದುಕೊಂಡು, ಅದರಲ್ಲಿರುವ ಕೆಟ್ಟ ಬೆಸುಗೆ ಜೀನನ್ನು ಕ್ರಿಸ್ಪರ್‌ನಿಂದ ಇನ್ನಷ್ಟು ಕೆಡಿಸಿದರು. ಕೆಟ್ಟದ್ದನ್ನು ಮತ್ತೆ ಕೆಡಿಸಿದರೆ ಏನೂ ಬದಲಾಗಬಾರದು. ಆದರೆ ಕಾಯಿ ಭಾಗಶಃ ಹಣ್ಣಾಗತೊಡಗಿತು!

ಇದಕ್ಕೆ ಅರ್ಥ ಒಂದೇ. ರಿನ್ ಗಿಡದಲ್ಲಿ ಹಣ್ಣಾಗುವುದು ನಿಂತದ್ದು ಬರೀ ಆರ್‌ಐಎನ್ ಇಲ್ಲದ್ದಕ್ಕಲ್ಲ, ಬೆಸುಗೆ ಪ್ರೋಟೀನು ಇರುವುದಕ್ಕೆ. ಅದರ ತಲೆ ಆರ್‌ಐಎನ್‌ನದು, ಆದ್ದರಿಂದ ಹಣ್ಣಾಗಿಸುವ ಜೀನುಗಳ ವಿಳಾಸ ಅದಕ್ಕೆ ಗೊತ್ತು, ಹೋಗಿ ಅಲ್ಲೇ ಕೂರುತ್ತೆ. ಬಾಲ ಎಂಸಿಯದು, ಅದರಲ್ಲಿ ಜೀನ್ ಓದುವುದನ್ನು ತಡೆಯುವ ತುಣುಕಿದೆ. ಅಂದರೆ ಸರಿಯಾದ ಜಾಗಗಳಲ್ಲಿ ಕೂತು ಉಲ್ಟಾ ಕೆಲಸ ಮಾಡುವ ಮೇಸ್ತ್ರಿ. ತಂತಿ ಕಡಿದಿದೆ ಅಂತ ಐವತ್ತು ವರ್ಷ ಅಂದುಕೊಂಡಿದ್ದ ಜಾಗದಲ್ಲಿ ನಿಜವಾಗಿ ಆಗಿದ್ದು ಶಾರ್ಟ್ ಸರ್ಕ್ಯೂಟು. ಹಿಂತಿರುಗಿ ನೋಡಿದರೆ 2002ರ ಪ್ರಯೋಗ ಎರಡು ವಿವರಣೆಗೂ ಹೊಂದುತ್ತೆ: ಒಳ್ಳೆಯ ಪ್ರತಿ ಸೇರಿಸಿದಾಗ ಅದು ಖಾಲಿ ಜಾಗ ತುಂಬಿರಬಹುದು, ಇಲ್ಲವೇ ಕೆಟ್ಟದ್ದನ್ನು ತಳ್ಳಿ ಜಾಗ ಹಿಡಿದಿರಬಹುದು. ಹೈಬ್ರಿಡ್ ಅರ್ಧಂಬರ್ಧ ಹಣ್ಣಾಗುವುದೂ ಎರಡಕ್ಕೂ ಸರಿಹೊಂದುತ್ತೆ. ಎರಡನ್ನೂ ಬೇರೆ ಮಾಡಿ ತೋರಿಸುವ ಪರೀಕ್ಷೆಗೆ ಕ್ರಿಸ್ಪರ್ ಬರಬೇಕಾಯಿತು.

ಹಾಗಂತ ಆರ್‌ಐಎನ್ ಬೇಡದ ಜೀನ್ ಅಲ್ಲ. ಅದಿಲ್ಲದ ಹಣ್ಣು ಪೂರ್ತಿ ಕೆಂಪೇರಲ್ಲ, ಎಥಿಲೀನ್ ಸ್ಫೋಟವೂ ಸೊರಗುತ್ತೆ. ಶುರುಮಾಡುವುದು ಅದರ ಕೆಲಸವಲ್ಲ, ಶುರುವಾದದ್ದನ್ನು ಪೂರ್ತಿ ವೇಗಕ್ಕೆ ಏರಿಸುವುದು ಅದರ ಕೆಲಸ.

ಉಳಿದ ಎರಡು ಹೆಸರಾಂತ ರೂಪಾಂತರಗಳ ಮೇಲೂ ಅನುಮಾನ ಬಂತು. 'ನಾರ್' ಎಂಬುದರಲ್ಲಿ ಜೀನಿನ ಎರಡು ಅಕ್ಷರ ಬಿದ್ದುಹೋಗಿ, ಮೊಟಕಾದ ಪ್ರೋಟೀನೊಂದು ತಯಾರಾಗುತ್ತೆ. ಆ ಜೀನನ್ನು ಕ್ರಿಸ್ಪರ್‌ನಿಂದ ಪೂರ್ತಿ ಕೆಡಿಸಿದರೆ ತೊಂದರೆ ಮೂಲ ರೂಪಾಂತರಕ್ಕಿಂತ ಕಡಿಮೆ. ಮೂರನೆಯದು 'ಸಿಎನ್‌ಆರ್', ಇದು ಇನ್ನೊಂದು ಥರ. ಅಲ್ಲಿ ಡಿಎನ್‌ಎ ಅಕ್ಷರ ಒಂದೂ ಬದಲಾಗಿಲ್ಲ, ಜೀನಿನ ಮುಂದಿನ ಭಾಗಕ್ಕೆ ಮೀಥೈಲ್ ಗುಂಪುಗಳು ವಿಪರೀತ ಅಂಟಿಕೊಂಡಿವೆ ಅಂತ 2006ರಲ್ಲಿ ತಿಳಿಯಿತು. ಕೋಡು ಸರಿಯಿದೆ, ಆದರೆ ಕಾಮೆಂಟ್ ಔಟ್ ಆಗಿದೆ ಅಂತ ಸಿಎಸ್‌ನವರು ಅರ್ಥ ಮಾಡಿಕೊಳ್ಳಬಹುದು. ಆದರೆ ಆ ಜೀನನ್ನೇ ಕ್ರಿಸ್ಪರ್‌ನಿಂದ ಕೆಡಿಸಿದಾಗ ಟೊಮೆಟೊ ಸ್ವಲ್ಪ ತಡವಾಗಿ ಹಣ್ಣಾಯಿತು, ಅಷ್ಟೇ.

ಮೀಥೈಲ್ ವಿಷಯ ಬಂದದ್ದರಿಂದ ಒಂದು ಮಾತು. ಮಾಮೂಲಿ ಟೊಮೆಟೊದಲ್ಲೂ ಹಣ್ಣಾಗಿಸುವ ಜೀನುಗಳ ಮುಂದೆ ಈ ಗುರುತುಗಳಿರುತ್ತವೆ, ಕಾಯಿ ಬಲಿಯುತ್ತಾ ಬಂದಂತೆ ಡಿಎಂಎಲ್2 ಎಂಬ ಕಿಣ್ವ ಅವನ್ನು ಅಳಿಸುತ್ತದೆ. ಮೀಥೈಲ್ ಅಂಟದಂತೆ ತಡೆಯುವ ರಾಸಾಯನಿಕವನ್ನು ಎಳೆ ಕಾಯಿಗೆ ಚುಚ್ಚಿದಾಗ ಅದು ಹೊತ್ತಿಗೆ ಮುಂಚೆಯೇ ಹಣ್ಣಾಯಿತು ಅಂತ 2013ರ ಪ್ರಯೋಗ ತೋರಿಸಿತು. ಗಿಡದ ದೃಷ್ಟಿಯಿಂದ ಯೋಚಿಸಿ: ಹಣ್ಣಿರುವುದು ಹಕ್ಕಿಯೋ ಪ್ರಾಣಿಯೋ ತಿಂದು ಬೀಜವನ್ನು ದೂರ ಒಯ್ಯಲಿ ಅಂತ. ಬೀಜ ಬಲಿಯುವ ಮೊದಲೇ ಹಣ್ಣಾದರೆ ಇಡೀ ಖರ್ಚು ದಂಡ. ಇಷ್ಟೊಂದು ಬ್ರೇಕುಗಳು ಯಾಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನಮಗೆ ಕಾಣುತ್ತಿಲ್ಲ.

ಇದರಿಂದ ರೈತನಿಗೇನು?

ಹಣ್ಣಾಗುವುದು ಅಂತ ನಾವು ಒಂದೇ ಪದದಲ್ಲಿ ಹೇಳಿದರೂ ಒಳಗೆ ನಡೆಯುವುದು ನಾಲ್ಕೈದು ಕೆಲಸ: ಹಸಿರು ಹೋಗಿ ಲೈಕೋಪೀನ್ ಎಂಬ ಕೆಂಪು ಬರುವುದು, ಕೋಶಗಳ ಗೋಡೆ ಸಡಿಲವಾಗುವುದು, ಸಿಹಿ ಏರುವುದು, ಹುಳಿ ಇಳಿಯುವುದು, ವಾಸನೆ ಹುಟ್ಟುವುದು. ರೈತನಿಗೂ ವ್ಯಾಪಾರಿಗೂ ತಡೆಯಬೇಕಿರುವುದು ಮೆತ್ತಗಾಗುವುದೊಂದನ್ನೇ. ರಿನ್ ಹೈಬ್ರಿಡ್ ಎಲ್ಲವನ್ನೂ ಒಟ್ಟಿಗೆ ಎಳೆದು ಹಿಡಿಯುತ್ತೆ, ಅದಕ್ಕೇ ರುಚಿಯೂ ಹೋಗುತ್ತೆ. ಬಲ್ಬೊಂದನ್ನು ಆರಿಸಲು ಮನೆಯ ಮೇನ್ ತೆಗೆದ ಹಾಗೆ.

ಗೊತ್ತಿಲ್ಲದೆ ರುಚಿ ಕಳೆದುಕೊಂಡ ಕಥೆ ಇನ್ನೊಂದಿದೆ. ಕಾಯಿಯ ಭುಜದ ಮೇಲೆ ಕಡುಹಸಿರು ಮಚ್ಚೆ ಇಲ್ಲದೆ ಎಲ್ಲಾ ಕಡೆ ಒಂದೇ ತಿಳಿಹಸಿರಿರುವ ಟೊಮೆಟೊವನ್ನು ತಳಿಗಾರರು ಸುಮಾರು 70 ವರ್ಷ ಆರಿಸುತ್ತಾ ಬಂದರು. ಯಾವಾಗ ಕೀಳಬೇಕು ಅಂತ ನೋಡಲು ಅದು ಅನುಕೂಲ, ಬಣ್ಣವೂ ಸಮನಾಗಿ ಬರುತ್ತೆ. ಆ ಗುಣದ ಹಿಂದಿರುವುದು ಜಿಎಲ್‌ಕೆ2 ಎಂಬ ಜೀನ್ ಕೆಟ್ಟಿರುವುದು ಅಂತ 2012ರಲ್ಲಿ ತಿಳಿಯಿತು. ಕಾಯಿಯಲ್ಲಿ ಹರಿತ್ತು ಬೆಳೆಸುವುದು ಆ ಜೀನಿನ ಕೆಲಸ. ಅದು ಕೆಟ್ಟರೆ ಸಕ್ಕರೆ ಕಡಿಮೆ, ಲೈಕೋಪೀನೂ ಕಡಿಮೆ. ಅಂದಕ್ಕಾಗಿ ಆರಿಸುತ್ತಾ ಹೋಗಿ ಸಿಹಿಯನ್ನು ಬಿಟ್ಟುಕೊಟ್ಟಂತಾಯಿತು.

ಮೆತ್ತಗಾಗುವುದನ್ನು ಮಾತ್ರ ಹಿಡಿಯುವ ಪ್ರಯತ್ನ ಹಳೆಯದು. ಅಮೆರಿಕದ ಕ್ಯಾಲ್ಜೀನ್ ಕಂಪನಿಯ 'ಫ್ಲೇವರ್ ಸೇವರ್' ಟೊಮೆಟೊ 1994ರಲ್ಲಿ ಮಾರುಕಟ್ಟೆಗೆ ಬಂತು, ಕುಲಾಂತರಿ ಆಹಾರವಾಗಿ ಅಲ್ಲಿ ಒಪ್ಪಿಗೆ ಪಡೆದ ಮೊದಲ ಇಡೀ ಹಣ್ಣು ಅದು. ಗೋಡೆಯ ಪೆಕ್ಟಿನ್ ಒಡೆಯುವ ಪಾಲಿಗ್ಯಾಲಕ್ಟುರೊನೇಸ್ ಕಿಣ್ವವನ್ನು ಅದರಲ್ಲಿ ಅಡಗಿಸಿದ್ದರು. ಗಟ್ಟಿತನದಲ್ಲಿ ನಿರೀಕ್ಷಿಸಿದಷ್ಟು ಗೆಲುವು ಸಿಗಲಿಲ್ಲ, ಖರ್ಚೂ ಹೆಚ್ಚು. ಕೆಲವೇ ವರ್ಷಗಳಲ್ಲಿ ಅದು ಅಂಗಡಿಯಿಂದ ಮರೆಯಾಯಿತು. 2010ರಲ್ಲಿ ದೆಹಲಿಯ ರಾಷ್ಟ್ರೀಯ ಸಸ್ಯ ಜೀನೋಮ್ ಸಂಶೋಧನಾ ಸಂಸ್ಥೆಯವರು ಕೋಶಗೋಡೆಗೆ ಸಂಬಂಧಿಸಿದ ಬೇರೆ ಎರಡು ಕಿಣ್ವಗಳನ್ನು ಅಡಗಿಸಿ, ಟೊಮೆಟೊ ಸುಮಾರು 30 ದಿನ ಹೆಚ್ಚು ಬಾಳುವಂತೆ ಮಾಡಿ ತೋರಿಸಿದರು. 2016ರಲ್ಲಿ ಬ್ರಿಟನ್ನಿನ ಸಂಶೋಧಕರು ಪೆಕ್ಟೇಟ್ ಲಯೇಸ್ ಎಂಬ ಕಿಣ್ವವನ್ನು ಅಡಗಿಸಿದಾಗ ಹಣ್ಣು ಗಟ್ಟಿಯಾಗಿ ಉಳಿಯಿತು, ಬಣ್ಣ ರುಚಿಗಳಿಗೆ ಹೇಳಿಕೊಳ್ಳುವಂಥ ಧಕ್ಕೆ ಆಗಲಿಲ್ಲ. ಇದು ಮೇನ್ ಮುಟ್ಟದೆ ಬಲ್ಬಿನ ಸ್ವಿಚ್ಚನ್ನೇ ಒತ್ತುವ ದಾರಿ.

ಕ್ರಿಸ್ಪರ್ ದಾರಿಗೆ ನಮ್ಮ ದೇಶದಲ್ಲೂ ಬಾಗಿಲು ಅರ್ಧ ತೆರೆದಿದೆ. ಹೊರಗಿನ ಡಿಎನ್‌ಎ ಉಳಿಯದಂತೆ ಗಿಡದ ಸ್ವಂತ ಜೀನನ್ನಷ್ಟೇ ತಿದ್ದಿದ ಬೆಳೆಗಳಿಗೆ ಕುಲಾಂತರಿ ನಿಯಮಗಳ ಮುಖ್ಯ ಕಟ್ಟುಪಾಡುಗಳಿಂದ 2022ರಲ್ಲಿ ವಿನಾಯಿತಿ ಸಿಕ್ಕಿತು. 2025ರ ಮೇ ತಿಂಗಳಲ್ಲಿ ಜೀನ್ ತಿದ್ದಿದ ಎರಡು ಭತ್ತದ ತಳಿಗಳನ್ನು ಘೋಷಿಸಿದರು. ಟೊಮೆಟೊದಲ್ಲಿ ಯಾರಾದರೂ ಈ ಕೆಲಸಕ್ಕೆ ಕೈಹಾಕಿದರೆ ಆರ್‌ಐಎನ್ ಕಡೆಗೆ ಹೋಗುವ ಮೊದಲು ಇತೊ ಅವರ ಹಣ್ಣನ್ನು ನೆನಪಿಸಿಕೊಳ್ಳಬೇಕಾಗುತ್ತದೆ. ಹೈಬ್ರಿಡ್‌ನಲ್ಲಿ ಬಾಳಿಕೆ ಕೊಟ್ಟದ್ದು ಆರ್‌ಐಎನ್ ಇಲ್ಲದಿರುವುದಲ್ಲ, ಬೆಸುಗೆ ಪ್ರೋಟೀನಿನ ತಡೆ. ಹಾಗಾಗಿ ಜೀನನ್ನು ಸುಮ್ಮನೆ ಕತ್ತರಿಸಿ ಹಾಕಿದರೆ ರಿನ್‌ನ ಬಾಳಿಕೆಯೇ ಸಿಗುತ್ತದೆ ಅಂತ ಲೆಕ್ಕ ಹಾಕುವಂತಿಲ್ಲ.